ಕುರಿ ಸಿನಿಮಾಕ್ಕೆ ನಾನು ಹೇಳಿದ ಸಾಕ್ಷಿ

ನನಗೊಂದು ಚಟವಿತ್ತು. ಬೀಡಿಯಲ್ಲ, ತಂಬಾಕಲ್ಲ, ಇಸ್ಪೀಟಂತೂ ಮುಟ್ಟಿದವನೇ ಅಲ್ಲ. ಕಂಡದ್ದಕ್ಕೆಲ್ಲ ಮಾರ್ಕು ಹಾಕುವ ಚಟ. ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಷ್ಟು ವರ್ಷ ಕೆಂಪು ಪೆನ್ನು ಹಿಡಿದವನು ಮತ್ತೇನು ಮಾಡಿಯಾನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಊಟಕ್ಕೆ ಕೂತರೆ ಹೆಂಡತಿ ತಾನಾಗಿಯೇ ಕೇಳುತ್ತಿದ್ದಳು, "ಇವತ್ತಿನ ಪುಂಡಿಪಲ್ಯಾಕ್ಕ ಎಷ್ಟ್ ಕೊಟ್ರಿ?"

"ಏಳೂವರಿ."

"ಇನ್ನರ್ಧಾ ಕೊಟ್ಟಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?"

ಮದುವೆಗೆ ಹೋದರೆ ಹೋಳಿಗೆಗೆ ಮಾರ್ಕು, ಸಭೆಗೆ ಹೋದರೆ ಭಾಷಣಕ್ಕೆ, ಬಸ್ಸು ಹತ್ತಿದರೆ ಡ್ರೈವರ್ ಬ್ರೇಕು ಹಾಕಿದ್ದಕ್ಕೆ. ಒಮ್ಮೆ ಬೀಗರ ಮನೆಯಲ್ಲಿ "ಸಾರಿಗೆ ನಾಲ್ಕು" ಎಂದು ಪಕ್ಕದವನಿಗೆ ಪಿಸುಗುಟ್ಟಿದ್ದು ಬಡಿಸುತ್ತಿದ್ದ ಬೀಗಿತ್ತಿಯ ಕಿವಿಗೆ ಬಿತ್ತು.  ಮುಂದಿನ ಸಲ ಹೋದಾಗ ಸಾರೇ ಇರಲಿಲ್ಲ.

ಈಗ ಒಂದು ತಿಂಗಳಿಂದ ಆ ಚಟ ಬಿಟ್ಟುಹೋಗಿದೆ. ತಟ್ಟೆ ಮುಂದೆ ಬಂದರೆ ಸುಮ್ಮನೆ ಉಂಡು ಏಳುತ್ತೇನೆ. ಹೆಂಡತಿಗೆ ಮೊದಲು ಖುಷಿಯಾಯಿತು, ಆಮೇಲೆ ಗಾಬರಿಯಾಯಿತು. "ಒಮ್ಮೆ ಶುಗರ್ ಗಿಗರ್ ಚೆಕ್ ಮಾಡಸ್ಕೊಂಡ್ ಬರ್ರಿ" ಎಂದು ಬೆನ್ನು ಹತ್ತಿದ್ದಾಳೆ. ಶುಗರ್ ಅಲ್ಲ ಮಾರಾಯ್ತಿ, ನಾಚಿಕೆ. ಅವಳ ಮುಂದೆ ಹೇಳಲು ಬಾಯಿ ಬರುತ್ತಿಲ್ಲ. ನಿಮಗೆ ಹೇಳುತ್ತೇನೆ. ನೀವು ದಿನಾ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವವರಲ್ಲ, ಅದೊಂದು ಧೈರ್ಯ.

ನಾನಿರುವುದು ಬಸವಕಲ್ಯಾಣದಲ್ಲಿ. ಶಾಲೆ ಬಿಡುವುದಕ್ಕೂ ಕಲ್ಯಾಣದ ಬಸ್ಸು ಬರುವುದಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಗಂಟೆ ಹುಮನಾಬಾದಿನಲ್ಲಿ ಕಳೆಯಬೇಕು. ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಚಹಾದ ಹೋಟೆಲ್ಲಿದೆ. ಅಲ್ಲಿ ಮೂಲೆಯ ಟೇಬಲ್ಲು ನಮ್ಮದು. ನಮ್ಮದು ಅಂದರೆ ಸಿನಿಮಾ ಪಂಚಾಯ್ತಿಯದು.

ಪಂಚರಲ್ಲಿ ಮೊದಲನೆಯವನು ಗೌಸ್ ಭಾಯಿ. ಮಾಣಿಕನಗರದ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೊಡೆದಾಟ ಇಲ್ಲದ ಸಿನಿಮಾವನ್ನು ಅವನು ಸಿನಿಮಾ ಎಂದೇ ಒಪ್ಪುವುದಿಲ್ಲ. ಎರಡನೆಯವಳು ಸುರೇಖಾ ಬಾಯಿ, ಸರಕಾರಿ ದವಾಖಾನೆಯ ನರ್ಸು, ನನ್ನ ಹಾಗೆ ಕಲ್ಯಾಣದ ಬಸ್ಸು ಕಾಯುವವಳು. ತವರುಮನೆ ಗಡಿಯಾಚೆ, ಸಿಟ್ಟು ಬಂದರೆ ಮರಾಠಿ ಬರುತ್ತದೆ. ಮೂರನೆಯವನು ಮಲ್ಕಪ್ಪ, ನಮ್ಮ ಶಾಲೆಯ ಜವಾನ. ಅವನ ಊರು ಮನ್ನಾಏಖೇಳ್ಳಿಯ ಆಚೆ, ಅವನ ಬಸ್ಸು ನಮ್ಮದಕ್ಕೆ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಕೊನೆಗೆ ಸೇರಿದವನು ವಿನಯ್, ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಹುಡುಗ ಆಫೀಸರ್. ಒಂಟಿ ಜೀವ, ಹೊತ್ತು ಹೋಗದೆ ನಮ್ಮ ಟೇಬಲ್ಲಿಗೆ ಬಂದು ಕೂತ. ಇವರೆಲ್ಲರ ಮೇಲೆ ನಾನು, ಅಧ್ಯಕ್ಷ. ಯಾರೂ ಆರಿಸಿದ್ದಲ್ಲ, ನಾನೇ ಆದದ್ದು.

ನಮ್ಮ ಕಡೆ ಒಬ್ಬ ಮನುಷ್ಯ ಒಂದು ತಿಂಗಳಲ್ಲಿ ಕನ್ನಡ, ಹಿಂದಿ, ತೆಲುಗು, ಮರಾಠಿ ನಾಲ್ಕೂ ಸಿನಿಮಾ ನೋಡಿ ಬಿಡುತ್ತಾನೆ. ಅಷ್ಟೆಲ್ಲದರ ಹೆಸರು ನೆನಪಿಡುವುದು ಯಾರಿಂದಾದೀತು? ಆದ್ದರಿಂದ ಹೆಸರಿನ ಗೊಡವೆಗೇ ಹೋಗದೆ ಕೊಡಲಿ ಸಿನಿಮಾ, ಭೂತದ ಸಿನಿಮಾ, ಹೆಲಿಕಾಪ್ಟರ್ ಸಿನಿಮಾ, ಅರ್ಧಕ್ಕೇ ಮುಗಿದ ಸಿನಿಮಾ ಎಂದು ಕರೆಯುತ್ತೇವೆ. ಕೊಡಲಿ ಸಿನಿಮಾದ ಮೇಲೆ ಒಂದು ವಾರ ಜಗಳ ನಡೆದಿತ್ತು. ಹೊಟ್ಟೆಗೆ ಮೂರು ಏಟು ಬಿದ್ದ ಹೀರೋ ಎದ್ದು ಹಾಡು ಹೇಳುತ್ತಾನಲ್ಲ, ಅದಕ್ಕೆ ಸುರೇಖಾ ಬಾಯಿಯ ತಕರಾರು.

"ಅಷ್ಟ್ ರಕ್ತ ಹೋದ ಮ್ಯಾಲ ಮನಷಾ ಹಾಡ್ತಾನೇನ್ರಿ? ನಮ್ಮ ವಾರ್ಡಿನ್ಯಾಗ ಒಂದ್ ಇಂಜೆಕ್ಷನ್ ಮಾಡಿದ್ರ ಅವ್ವಾ ಅಂತ ಒದರ್ತಾರ."

"ನಿಮ್ಮ ವಾರ್ಡಿನ್ಯಾಗ ಹೀರೋ ಎಲ್ಲಿ ಅದಾನ್ರಿ ಬಾಯಿ?" ಎಂದು ಗೌಸ್ ಭಾಯಿ ಗದರಿದ್ದ.

ಡಿಸೆಂಬರಿನ ಕೊನೆಯ ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ. ಅಂದು ವರ್ಷದ ಫೈಸಲಾ. ಒಂದು ಅತ್ಯುತ್ತಮ, ಒಂದು ಅತಿ ಕೆಟ್ಟದ್ದು. ಅತ್ಯುತ್ತಮ ಸಿನಿಮಾವನ್ನು ಪಂಚಾಯ್ತಿಗೆ ತಂದು ಹೊಗಳಿದವನಿಗೆ ಬಾಣಲೆಯಿಂದ ತೆಗೆದ ಮೊದಲ ಮಿರ್ಚಿ ಭಜಿ. ಅತಿ ಕೆಟ್ಟದ್ದನ್ನು ಹೊಗಳಿ ನಮ್ಮ ಹೊತ್ತು ಹಾಳು ಮಾಡಿದವನಿಗೆ ಬಾಯಿಬೀಗ. ಅಂದರೆ ಮುಂದಿನ ಒಂದು ವರ್ಷ ಅವನು ಟೇಬಲ್ಲಿಗೆ ಬರಬಹುದು, ಚಹಾ ಕುಡಿಯಬಹುದು, ಮಳೆ ಬೆಳೆ ಏನು ಬೇಕಾದರೂ ಮಾತಾಡಬಹುದು, ಸಿನಿಮಾದ ಬಗ್ಗೆ ಮಾತ್ರ ತುಟಿ ಬಿಚ್ಚುವಂತಿಲ್ಲ. ಕಾಯ್ದೆ ಮಾಡಿದವನು ನಾನು. ತನ್ನ ಸಿನಿಮಾಕ್ಕೆ ತಾನೇ ಸಾಕ್ಷಿ ಹೇಳುವಂತಿಲ್ಲ, ಬೇರೆಯವರು ಹೇಳಬೇಕು ಎಂಬ ಕಲಮೂ ನನ್ನದೇ. ನಾಗರಿಕ ಶಾಸ್ತ್ರ ಕಲಿಸುವವನ ಕೈಗೆ ಅಧಿಕಾರ ಸಿಕ್ಕರೆ ಹೀಗೆಯೇ.

ಮೊದಲ ಬೀಗ ಬಿದ್ದದ್ದು ಗೌಸ್ ಭಾಯಿಗೆ. ಎರಡು ದಿನ ತಡೆದ. ಮೂರನೆಯ ದಿನ ಕೈಸನ್ನೆ ಮಾಡಿದ, ನಾಲ್ಕನೆಯ ದಿನ ಹೀರೋ ಹೊಡೆದದ್ದನ್ನು ಎದ್ದು ನಿಂತು ಮಾಡಿ ತೋರಿಸಿ ಪಕ್ಕದ ಟೇಬಲ್ಲಿನವರ ಚಹಾ ಚೆಲ್ಲಿದ. ವಾರದೊಳಗೆ ಬೀಗ ತಾನೇ ಮುರಿದು ಬಿತ್ತು. ನಾವ್ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅದೊಂದು ತಮಾಷೆ ಎಂದು ಎಲ್ಲರಿಗೂ ಗೊತ್ತಿತ್ತು, ಅಥವಾ ಎಲ್ಲರಿಗೂ ಗೊತ್ತಿದೆ ಎಂದು ನಾನು ತಿಳಿದಿದ್ದೆ.

ಸಿನಿಮಾದ ಹುಚ್ಚು ನನಗೆ ಹತ್ತಿದ್ದು ಸಿನಿಮಾ ನೋಡಿ ಅಲ್ಲ, ಕೇಳಿ. ನನ್ನೂರು ಕೊಡಂಬಲ. ನಮ್ಮದು ಕುರಿ ಕಾಯುವ ಮನೆತನ. ರಜೆಯಲ್ಲಿ ಸೋದರಮಾವ ಹಣಮಂತನ ಹಿಂದೆ ನಾನೂ ಕುರಿಗಳ ಜೊತೆ ಹೋಗುತ್ತಿದ್ದೆ. ಮಾವ ವರ್ಷಕ್ಕೊಮ್ಮೆ ಉಣ್ಣೆ ಮಾರಲು ಹುಮನಾಬಾದಿಗೆ ಹೋಗಿ ಒಂದು ಸಿನಿಮಾ ನೋಡಿಕೊಂಡು ಬರುತ್ತಿದ್ದ. ಬಂದವನು ಆ ಒಂದು ಸಿನಿಮಾವನ್ನು ಮೂರು ದಿನ ಹೇಳುತ್ತಿದ್ದ. ಅವನು ಹೇಳುವ ಸಿನಿಮಾಗಳಲ್ಲೆಲ್ಲ ಎಲ್ಲೋ ಒಂದು ಕಡೆ ಕುರಿ ಬರುತ್ತಿದ್ದವು. ಪೊಲೀಸರು ಕಳ್ಳನನ್ನು ಅಟ್ಟಿಸಿಕೊಂಡು ಹೋದಾಗ ನಡುವೆ ಕುರಿಹಿಂಡು ಅಡ್ಡ ಬರುತ್ತಿತ್ತು, ಹೀರೋಯಿನ್ನಿನ ಅಪ್ಪ ಶ್ರೀಮಂತನಾದರೆ ಅವನಿಗೆ ಐದುನೂರು ಕುರಿ ಇರುತ್ತಿದ್ದವು. ಮುಂದೆ ಓದಲು ಪಟ್ಟಣಕ್ಕೆ ಬಂದು ಅವೇ ಸಿನಿಮಾ ನೋಡಿದಾಗ ಒಂದರಲ್ಲೂ ಕುರಿ ಇಲ್ಲ! ಮಾವ ಹೇಳಿದ ಸಿನಿಮಾಗಳೇ ಛಲೋ ಇದ್ದವು ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಇದನ್ನೆಲ್ಲ ನಾನು ಪಂಚಾಯ್ತಿಯಲ್ಲಿ ಯಾವತ್ತೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದೆ ಎಂದಲ್ಲ. ಯಾರಾದರೂ ಕೇಳಿದರೆ "ಕೊಡಂಬಲದಾಗ ಹೊಲ ಮನಿ ಅದ" ಎನ್ನುತ್ತಿದ್ದೆ. ಹೊಲವೂ ಇದೆ, ಮನೆಯೂ ಇದೆ, ಸುಳ್ಳೇನಲ್ಲ. ಅಣ್ಣ ಇಂದಿಗೂ ಕುರಿ ಸಾಕುತ್ತಾನೆ, ಅವ್ವ ಅವನ ಮನೆಯಲ್ಲಿ ಸೊಸೆಗೂ ಮೊಮ್ಮಕ್ಕಳಿಗೂ ಹುಕುಂ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಕುರಿಯ ಮಾತು ಮಾತ್ರ ನನ್ನ ಬಾಯಿಗೆ ಬರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳುವ ಮಾತಲ್ಲ ಅದು ಎಂದು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿದ್ದೆ.

ಹೋದ ಡಿಸೆಂಬರಿಗೆ ಒಂದು ವರ್ಷದ ಹಿಂದಿನ ಮಾತು. ಮಲ್ಕಪ್ಪ ಒಂದು ಸಂಜೆ ಓಡಿಬಂದ. ಮಾತು ಕಡಿಮೆಯ ಮನುಷ್ಯ, ಅಂದು ಚಹಾ ತಣ್ಣಗಾದರೂ ಮುಟ್ಟಲಿಲ್ಲ.

"ಸರ್, ಒಂದ್ ಸಿನಿಮಾ ಬಂದದ್ರಿ. ನೀವು ನೋಡಲೇಬೇಕ್ರಿ. ಕುರಿದು ಅದ್ರಿ. ಖರೇ ಖರೇ ತೋರಿಸ್ಯಾರ್ರಿ. ನಾಲ್ಕ್ ದಿನ ಅಷ್ಟ ಇರ್ತದಂತ್ರಿ, ಜಲ್ದಿ ಹೋಗ್ರಿ."

"ನೋಡ್ತೀನಿ ತಗೋ" ಎಂದೆ, ಅರ್ಜಿ ತೆಗೆದುಕೊಂಡ ಸಾಹೇಬನ ಗತ್ತಿನಲ್ಲಿ.

ಮರುದಿನ ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋದೆ. ಪರೀಕ್ಷೆಯ ದಿನಗಳು, ಶಾಲೆ ಬೇಗ ಬಿಟ್ಟಿತ್ತು. ಟಾಕೀಜಿನಲ್ಲಿ ಹತ್ತು ಹನ್ನೆರಡು ಜನ. ಅವರಲ್ಲಿ ಇಬ್ಬರು ಫ್ಯಾನಿನ ಕೆಳಗೆ ಮಲಗಲೆಂದೇ ಬಂದವರು. ಸಿನಿಮಾದಲ್ಲಿ ದೊಡ್ಡ ಕಥೆಯೇನಿಲ್ಲ. ಒಬ್ಬ ಹೆಂಗಸು ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾಳೆ. ನಡುವೆ ಒಂದು ಕುರಿ ಈಯುತ್ತದೆ. ಚೊಚ್ಚಲು. ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಆಗ ಆ ಹೆಂಗಸು ಗಂಟಿನಿಂದ ಉಪ್ಪು ತೆಗೆದು, ಕಲ್ಲಿನಿಂದ ಕುಟ್ಟಿ, ನೀರಲ್ಲಿ ಕಲಸಿ ಮರಿಯ ಬೆನ್ನಿಗೆ ಸವರುತ್ತಾಳೆ. ಉಪ್ಪಿನಾಸೆಗೆ ಕುರಿ ಮೂಸುತ್ತದೆ. ಒಂದು ಸಲ ನೆಕ್ಕುತ್ತದೆ. ಇನ್ನೊಂದು ಸಲ. ನೆಕ್ಕುತ್ತ ನೆಕ್ಕುತ್ತ ಅದು ತನ್ನದೇ ಎಂದು ಅದಕ್ಕೆ ಗೊತ್ತಾಗುತ್ತದೆ, ಮರಿಗೆ ಮೊಲೆ ಕೊಡುತ್ತದೆ. ಅಷ್ಟು ಹೊತ್ತೂ ಹಿಂದೆ ಸಂಗೀತವಿಲ್ಲ, ಕುರಿಯ ನಾಲಿಗೆಯ ಸಪ್ಪಳ ಮಾತ್ರ.

ನಾನು ಅತ್ತೆ. ಸಣ್ಣಗೆ ಕಣ್ಣು ಒದ್ದೆಯಾಯಿತು ಎಂಬ ಮರ್ಯಾದಸ್ಥರ ಅಳುವಲ್ಲ. ಮುಂದಿನ ಸಾಲಿನಲ್ಲಿ ಮಲಗಿದ್ದವನು ಎದ್ದು ತಿರುಗಿ ನೋಡುವಂಥ ಅಳು. ಪರದೆಯ ಮೇಲೆ ಇದ್ದದ್ದು ನನ್ನ ಅವ್ವ. ಕುರಿದಡ್ಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳು ಮರಿಗೆ ಉಪ್ಪು ಸವರುವಾಗ ತಾಯಿಕುರಿಯ ಕುತ್ತಿಗೆ ಹಿಡಿದು ನಿಲ್ಲುವುದು ನನ್ನ ಕೆಲಸ. ಜಾಲಿಮುಳ್ಳು ಗೀರಿದ ನನ್ನ ಕೈಗೆ ಉಪ್ಪುನೀರು ತಾಕಿ ಚುರುಗುಡುತ್ತಿತ್ತು. "ಅವ್ವಾ, ಉರೀತದ" ಎಂದರೆ, "ಉರೀಲಿ ಬಿಡು, ಮರಿ ಬದಕ್ತದ" ಎನ್ನುತ್ತಿದ್ದಳು. ಎಷ್ಟು ಮರಿಗಳು ಹಾಗೆ ಬದುಕಿದವೋ ನನಗೆ ಲೆಕ್ಕವಿಲ್ಲ.

ಸಿನಿಮಾ ಮುಗಿದ ಮೇಲೆ ಟಾಕೀಜಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಯಾರಾದರೂ ವಿದ್ಯಾರ್ಥಿ ನೋಡಿಯಾನೆಂದು ಕರವಸ್ತ್ರ ಮುಖಕ್ಕೆ ಒತ್ತಿಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆದೆ. ನೋಡಿದೆ ಎಂದು ಮಲ್ಕಪ್ಪನಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಡಿಸೆಂಬರಿನ ಕೊನೆಯ ಶನಿವಾರ ಬಂತು. ಅತ್ಯುತ್ತಮ ಸಿನಿಮಾ ಯಾವುದೆಂದು ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಅದು ಹೆಲಿಕಾಪ್ಟರ್ ಸಿನಿಮಾ. ಗೌಸ್ ಭಾಯಿ ಮಿರ್ಚಿ ಭಜಿ ಎತ್ತಿ ಎಲ್ಲರಿಗೂ ತೋರಿಸಿ ತಿಂದ. ಅತಿ ಕೆಟ್ಟದ್ದರ ಸರದಿ ಬಂದಾಗ ಸುರೇಖಾ ಬಾಯಿ ಟೇಬಲ್ಲು ಕುಟ್ಟಿದಳು.

"ಕುರಿ ಸಿನಿಮಾ! ಅಗ ಬಾಯಿ, ಮಲ್ಕಪ್ಪ ಅಂದಾನಂತ ಮಕ್ಕಳನ್ನ ಕಟಗೊಂಡ್ ಹೋಗಿದ್ದೆ. ಎರಡ್ ತಾಸ್ ಕುರಿ ನಡದೇ ನಡದಾವ. ಮತ್ತ ಆ ಮರಿಗಿ ಉಪ್ಪ್ ಹಚ್ಚೂದ್ ಏನದು? ಮರಿ ಅದ ಏನ್ ಮಾವಿನಕಾಯಿ ಅದ? ಉಪ್ಪಿನಕಾಯಿ ಹಾಕ್ತಾರೇನು?"

"ಜರಾ ಖಾರಾ ಭೀ ಹಚ್ಚಿದ್ರ ಕಬಾಬ್ ಆಗ್ತಿತ್ತು" ಎಂದ ಗೌಸ್ ಭಾಯಿ.

ಎಲ್ಲರೂ ನಕ್ಕರು. ಹೇಳಲು ನಾಲಿಗೆ ಹಿಂಜರಿಯುತ್ತಿದೆ, ನಾನೂ ನಕ್ಕೆ.

ಮಲ್ಕಪ್ಪ ನಗಲಿಲ್ಲ. "ಅದು ಖರೇ ಅದ್ರಿ ಅಕ್ಕಾ. ಹಂಗ ಮಾಡ್ತಾರ್ರಿ. ನಮ್ಮ ಮನ್ಯಾಗೂ ಮಾಡ್ತಾರ್ರಿ."

"ನೀ ನಿನ್ನ ಸಿನಿಮಾ ಉಳಿಸ್ಕೊಳ್ಳಾಕ ಹೇಳಾಕತ್ತಿ" ಎಂದಳು ಸುರೇಖಾ ಬಾಯಿ. "ನಿನ್ನ ಸಾಕ್ಷಿ ನಡ್ಯಾಂಗಿಲ್ಲ. ಕಾಯ್ದೆ ಅಂದ್ರ ಕಾಯ್ದೆ."

ಆಗ ಮಲ್ಕಪ್ಪ ನನ್ನ ಕಡೆ ತಿರುಗಿದ. ಅವನ ಮುಖದ ಮೇಲೆ ಎಂಥ ನಿಶ್ಚಿಂತೆ ಇತ್ತೆಂದರೆ, ಗೆದ್ದೇಬಿಟ್ಟೆ ಎಂದುಕೊಂಡವನ ಹಾಗೆ ಕಂಡ. "ಸರ್ ಅದಾರಲ್ರಿ. ಸರ್ ಕೊಡಂಬಲದವ್ರು. ಸರ್, ನೀವ ಹೇಳ್ರಿ, ಉಪ್ಪ್ ಹಚ್ತಾರೋ ಇಲ್ಲೋ?"

ವಿನಯ್ ಕುತೂಹಲದಿಂದ ಮುಂದೆ ಬಾಗಿದ. "ಓ, ಹೌದಾ ಸರ್? ನಿಮ್ಮನೇಲೂ ಕುರಿ ಕಾಯ್ತಿದ್ರಾ?"

ಹುಡುಗನಿಗೆ ತಿಳಿಯುವ ಆಸೆ, ಅಷ್ಟೇ. ಅವನ ದನಿಯಲ್ಲಿ ಒಂದು ಚೂರೂ ಕುಹಕವಿರಲಿಲ್ಲ, ಈಗ ನೂರು ಸಲ ನೆನೆದು ನೋಡಿದ್ದೇನೆ. ಇದ್ದದ್ದೆಲ್ಲ ನನ್ನ ಕಿವಿಯಲ್ಲಿ. ಎರಡು ತಿಂಗಳಿಂದ ಅವನು ನನ್ನನ್ನು "ನೀವು ತುಂಬಾ ಓದ್ಕೊಂಡಿದೀರ ಸರ್" ಎಂದು ಹೊಗಳುತ್ತಿದ್ದ. ಆ ಹೊಗಳಿಕೆ ಕೈತಪ್ಪಿ ಹೋಗುತ್ತದೇನೋ ಅನಿಸಿತು. ನಗು ಇನ್ನೂ ಮುಗಿದಿರಲಿಲ್ಲ, ನಕ್ಕವರ ಕಡೆಯೇ ಇರಬೇಕು ಅನಿಸಿತು.

"ಇಲ್ರೀ, ನಮ್ಮದು ಹೊಲ ಮನಿ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಒಂದು ಮಾತು. ಮಲ್ಕಪ್ಪನ ಕಡೆ ತಿರುಗಿ, ತರಗತಿಯಲ್ಲಿ ತಪ್ಪು ಉತ್ತರ ತಿದ್ದುವ ದನಿಯಲ್ಲಿ ಹೇಳಿದೆ, "ಹಂಗ ಯಾರೂ ಮಾಡೂದಿಲ್ಲ ಮಲ್ಕಪ್ಪ. ಸಿನಿಮಾದವ್ರು ಸುಳ್ಳ್ ತೋರಿಸ್ಯಾರ."

ಮಲ್ಕಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಯಾವುದೋ ಪಾಠವನ್ನು ತಾನೇ ತಪ್ಪು ತಿಳಿದಿದ್ದೆನೇನೋ ಎಂಬಂತೆ ಒಂದು ಗಳಿಗೆ ನೋಡಿ, "ಹೌದೇನ್ರಿ ಸರ್? ಹಂಗಾದ್ರ ನಂದೇ ತಪ್ಪ್ ಇರಬೇಕ್ರಿ" ಎಂದು ಕೂತ.

ಅಧ್ಯಕ್ಷರು ಮಾರ್ಕು ಘೋಷಿಸಿದರು. ಕುರಿ ಸಿನಿಮಾ, ಹತ್ತಕ್ಕೆ ಒಂದೂವರೆ, ವರ್ಷದ ಅತಿ ಕೆಟ್ಟ ಚಿತ್ರ. ಮಲ್ಕಪ್ಪನಿಗೆ ಬಾಯಿಬೀಗ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಅಂದುಕೊಂಡೆ, ಇವನೂ ವಾರದೊಳಗೆ ಬೀಗ ಮುರಿಯುತ್ತಾನೆ, ಎಲ್ಲ ಸರಿಹೋಗುತ್ತದೆ. ಅವನು ಮುರಿಯಲಿಲ್ಲ. ದಿನಾ ಬಂದು ಕೂರುತ್ತಿದ್ದ, ಚಹಾ ಕುಡಿಯುತ್ತಿದ್ದ, ನಾವು ಜಗಳವಾಡುವುದನ್ನು ನಗುಮುಖದಿಂದ ಕೇಳುತ್ತಿದ್ದ. ಯಾರಾದರೂ ಮರೆತು "ನೀ ಏನಂತೀ ಮಲ್ಕಪ್ಪ?" ಎಂದರೆ ತುಟಿಯ ಮೇಲೆ ಬೆರಳಿಡುತ್ತಿದ್ದ. ನಮಗೆ ತಮಾಷೆಯಾಗಿದ್ದ ಕಾಯ್ದೆ ಅವನಿಗೆ ಸರ್ ಮಾಡಿದ ಕಾಯ್ದೆಯಾಗಿತ್ತು. ಗೌಸ್ ಭಾಯಿ ಕೂಡ ಒಮ್ಮೆ, "ಬಿಡಪಾ, ಮಜಾಕ್ ಅದ ಅದು" ಎಂದ. ಮಲ್ಕಪ್ಪ ನಕ್ಕು ಮತ್ತೆ ತುಟಿಯ ಮೇಲೆ ಬೆರಳಿಟ್ಟ.

ಶಾಲೆಯಲ್ಲಂತೂ ಏನೂ ಬದಲಾಗಲಿಲ್ಲ. ಮೊದಲಿನ ಹಾಗೆಯೇ ಗಂಟೆ ಬಾರಿಸಿದ, ಹಾಜರಿ ಪುಸ್ತಕ ತಂದಿಟ್ಟ, ಮೊದಲಿನ ಹಾಗೆಯೇ "ನಮಸ್ಕಾರ್ರಿ ಸರ್" ಎಂದ. ಅದೇ ನನಗೆ ಚುಚ್ಚುತ್ತಿತ್ತು. ಒಂದು ದಿನ ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಕೇಳಿದೆ, "ಮಲ್ಕಪ್ಪ, ಹೊಸಾದೇನರ ನೋಡಿದೇನು?"

"ಇನ್ನಾ ವರ್ಷ ಮುಗಿದಿಲ್ರಿ ಸರ್." 

ಡಸ್ಟರ್ ಜೋಡಿಸಿಟ್ಟು ಹೋದ. ಬೀಗ ಹಾಕಿದವನು ನಾನು, ತೆಗೆಯುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ತೆಗೆಯುವುದಕ್ಕೆ ಕಾರಣ ಹೇಳಬೇಕಲ್ಲ. ಕಾರಣ ಹೇಳುವ ಗಂಡಸುತನ ನನ್ನಲ್ಲಿರಲಿಲ್ಲ.

ಬೇಸಿಗೆ ರಜೆಯಲ್ಲಿ ಕೊಡಂಬಲಕ್ಕೆ ಹೋದಾಗ ಆ ಸಿನಿಮಾ ಮೊಬೈಲಿನಲ್ಲಿ ಬಂದಿತ್ತು. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ನನ್ನ ಚಾಳೀಸು ಅವಳ ಮೂಗಿಗೇರಿಸಿ ತೋರಿಸಿದೆ. ಉಪ್ಪಿನ ಭಾಗ ಬಂದಾಗ ನಾನು ಮೊಬೈಲು ನೋಡಲಿಲ್ಲ, ಅವ್ವನ ಮುಖ ನೋಡುತ್ತಿದ್ದೆ. ಅವಳೇನೂ ಅಳಲಿಲ್ಲ.

"ಉಪ್ಪ್ ಕಮ್ಮಿ ಆಯ್ತು" ಎಂದಳು. "ಕಿವಿ ಹಿಂದನೂ ಹಚ್ಚಬೇಕಿತ್ತು. ಈಕಿ ಕೈ ನೋಡು, ಕುರಿ ಹಿಡದ ಕೈ ಅಲ್ಲ ಅದು."

"ಅದಿರ್ಲಿ, ಸಿನಿಮಾಕ್ಕ ಹತ್ತಕ್ಕ ಎಷ್ಟ್ ಕೊಡ್ತಿ?"

"ಎಷ್ಟ್ ಅಂದ್ರ? ಮರಿ ಉಳೀತಲ್ಲ, ಆಯ್ತು." ಚಾಳೀಸು ತೆಗೆದು ಕೊಡುತ್ತ ಕೇಳಿದಳು, "ಇದನ್ನ ನಿನ್ನ ಗೆಳ್ಯಾರಿಗಿ ತೋರಿಸ್ದೇನು? ನಮ್ಮ ಅವ್ವಾನೂ ಹಿಂಗ ಮಾಡ್ತಿದ್ಳು ಅಂತ ಹೇಳ್ದೇನು?"

"ಹೂಂ" ಎಂದೆ. ಮೊದಲು ಅವ್ವನ ಬಗ್ಗೆ ಸುಳ್ಳು ಹೇಳಿದ್ದೆ, ಈಗ ಅವ್ವನಿಗೇ ಹೇಳಿದೆ. ಅವಳು ಖುಷಿಯಿಂದ ನನ್ನ ತಲೆ ಸವರಿದಳು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹೋದ ತಿಂಗಳು ಮತ್ತೆ ಕೊನೆಯ ಶನಿವಾರ ಬಂತು. ಗೌಸ್ ಭಾಯಿ, ಸುರೇಖಾ ಬಾಯಿ ಇಬ್ಬರೂ ಪಟ್ಟಿ ಬರೆದುಕೊಂಡು ಬಂದು ತೋಳೇರಿಸಿದ್ದರು. ಕಾಯ್ದೆಯ ಪ್ರಕಾರ ಮೊದಲು ಬೀಗ ತೆಗೆಯಬೇಕು. ನಾನು ಹೇಳಿದೆ, "ಮಲ್ಕಪ್ಪ, ನಿನ್ನ ವರ್ಷ ಮುಗೀತು. ನೀನ ಶುರು ಮಾಡು. ಈ ವರ್ಷದ ಛಲೋ ಸಿನಿಮಾ ಯಾವುದು?"

"ನಾ ಒಂದೂ ನೋಡಿಲ್ರಿ ಸರ್."

"ಒಂದೂ? ಯಾಕಪಾ?" ಸುರೇಖಾ ಬಾಯಿಗೆ ಆಶ್ಚರ್ಯ. ತಿಂಗಳಿಗೆ ಮೂರು ನೋಡುವ ಆಸಾಮಿ ಅವನು.

ಮಲ್ಕಪ್ಪ ಸಂಕೋಚಪಟ್ಟುಕೊಂಡ. "ಸಿನಿಮಾ ನೋಡಿದ್ ಮ್ಯಾಲ ಯಾರಿಗರ ಹೇಳಬೇಕನಸ್ತದ್ರಿ ಅಕ್ಕಾ. ಹೇಳಾಕ ಬರೂದಿಲ್ಲ ಅಂದ್ ಮ್ಯಾಲ ಸುಮ್ನ ಯಾಕ ನೋಡೂದು ಅಂತ ಬಿಟ್ಟೆ."

ಇಷ್ಟು ದಿನ ಹೇಗಾದರೂ ತಡೆದುಕೊಂಡಿದ್ದೆ. ಆ ಮಾತಿಗೆ ಆಗಲಿಲ್ಲ. ಎದ್ದು ನಿಂತೆ. ಯಾಕೆ ಎದ್ದು ನಿಂತೆನೋ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗರನ್ನು ನಿಲ್ಲಿಸಿ ನಿಲ್ಲಿಸಿ ರೂಢಿಯಾಗಿತ್ತು ಕಾಣುತ್ತದೆ.

"ಹೋದ ಸಲ ನಾ ಸುಳ್ಳ್ ಹೇಳೀನಿ" ಎಂದೆ. "ಆ ಸಿನಿಮಾ ನಾನೂ ನೋಡಿದ್ದೆ. ಅತ್ತಿದ್ದೆ. ಮರಿಗಿ ಉಪ್ಪ್ ಹಚ್ಚೂದು ಖರೇ ಅದ. ನಮ್ಮ ಅವ್ವ ಹಚ್ತಿದ್ಳು, ನಾನೇ ಕುರಿ ಹಿಡಕೊಂಡ್ ನಿಲ್ತಿದ್ದೆ. ನಮ್ಮದು ಕುರಿ ಕಾಯೋ ಮನಿ. ಇವನ ಮಾತ ಖರೇ ಇತ್ತು, ನಾ ಇವನ್ನ ಸುಳ್ಳ್ ಮಾಡಿದೆ."

 ಗೌಸ್ ಭಾಯಿ ನನ್ನ ಕೈ ಹಿಡಿದು ಕೂರಿಸಿದ. "ಅರೇ ಸಾಬ್, ಇಷ್ಟಕ್ಕ ಪರೇಶಾನ್ ಆಗ್ತಾರೇನು? ಒಂದ್ ವರ್ಷದಿಂದ ಹೊಟ್ಯಾಗ ಇಟ್ಕೊಂಡೀರಿ?" ಸುರೇಖಾ ಬಾಯಿ ತಲೆ ಕೆರೆದುಕೊಂಡು, "ಹಂಗಾದ್ರ ಹೋದ ವರ್ಷದ ಅತಿ ಕೆಟ್ಟದ್ದು ಕೊಡಲಿ ಸಿನಿಮಾ ಮಾಡೋಣು. ಆಯ್ತಲ್ಲ?" ಎಂದಳು. ಆಯಿತು. ಅರ್ಧ ನಿಮಿಷದಲ್ಲಿ ತೀರ್ಪು ಬದಲಾಯಿತು. ಅಷ್ಟು ಹಗುರವಾದದ್ದನ್ನು ಒಬ್ಬ ಮನುಷ್ಯ ಒಂದು ವರ್ಷ ಹೊತ್ತಿದ್ದ. ವಿನಯ್ ಮಾತ್ರ ತಲೆ ತಗ್ಗಿಸಿ, "ನಾನು ಸುಮ್ನೆ ಕೇಳಿದ್ದೆ ಸರ್" ಎಂದ. "ನಿಂದೇನೂ ತಪ್ಪಿಲ್ಲಪಾ" ಎಂದೆ. ನಿಜವಾಗಿಯೂ ಇರಲಿಲ್ಲ.

 ಚಹಾ ಮುಗಿಸಿ ಎದ್ದ ಮಲ್ಕಪ್ಪನ ಹಿಂದೆ ನಾನೂ ಎದ್ದೆ. ರಸ್ತೆ ದಾಟಿ ಇಬ್ಬರೂ ಬಸ್‌ಸ್ಟ್ಯಾಂಡಿನೊಳಗೆ ಬಂದೆವು. ಕ್ಷಮಿಸು ಎಂದು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಸರ್, ನಿಮ್ಮ ಮನಿ ಕುರಿ ಕಾಯೋ ಮನಿ ಅಂತ ನನಗ ಗೊತ್ತಿತ್ರಿ. ನಿಮ್ಮ ತಂದಿಯವ್ರು, ನಮ್ಮಪ್ಪ ಕೂಡೇ ಕುರಿ ಮೇಸ್ಯಾರ್ರಿ. ಅದಕ್ಕ ನಿಮ್ಮನ್ನ ಕೇಳಿದ್ದೆ."

"ಗೊತ್ತಿದ್ದೂ ಯಾಕ ಸುಮ್ನಿದ್ದಿ?"

"ಹ್ಯಾಂಗ ಹೇಳ್ಲಿ ಸರ್, ಎಲ್ಲಾರ ಮುಂದ?" ಸ್ವಲ್ಪ ಹೊತ್ತು ಬಸ್ಸು ಬರುವ ದಾರಿ ನೋಡಿದ. "ಆ ದಿನ ಮುಂಜಾನಿ ಮನ್ಯಾಗ ಅಪ್ಪಗ ಹೇಳಿ ಬಂದಿದ್ದೆ, ಇವತ್ತ ಸಿನಿಮಾದ ಫೈಸಲಾ ಅದ, ನಮ್ಮ ಸರ್ ಎಲ್ಲಾರ ಮುಂದ ನಮ್ಮ ಕುರಿ ಕೆಲಸದ ಬಗ್ಗಿ ಹೇಳ್ತಾರ ಅಂತ. ಸಂಜಿಗಿ ಹೋದ್ ಕೂಡ್ಲೇ ಕೇಳ್ದ್ರಿ, ‘ಏನಂದ್ನೋ ಕೊಡಂಬಲದ ಮಾಸ್ತರ?’ ಅಂತ."

"ಏನ್ ಹೇಳ್ದಿ?"

"‘ಖರೇ ಅದ ಅಂದ್ರು’ ಅಂದೆ. ಮತ್ತೇನ್ ಹೇಳ್ಲಿ? ಅಪ್ಪ ಊರ್ ತುಂಬ ಹೇಳ್ಯಾನ್ರಿ. ಗೆಳ್ಯಾನ ಮಗ ಬ್ಯಾಂಕಿನವ್ರ ಮುಂದ ನಮ್ಮ ಮಾತ ಎತ್ತಿ ಹಿಡದ ಅಂತ. ಈಗೂ ಹೇಳ್ತಾನ್ರಿ, ಬಂದವ್ರಿಗೆಲ್ಲ."

ನಾನು ಅವನ ಕಡೆಯಿಂದ ಮುಖ ತಿರುಗಿಸಿಕೊಂಡೆ, ಅವನು ಹೇಳುತ್ತಲೇ ಇದ್ದ.

"ಹುಟ್ಟಿದಾಗಿಂದ ಅಪ್ಪಗ ನಾ ಸುಳ್ಳ್ ಹೇಳಿದ್ದು ಅದೊಂದೇ ಸರ್. ಅಂವ ನಿಮ್ಮನ್ನ ಹೊಗಳಾಕ ಹತ್ತಿದ್ರ ನನಗ ಅವನ ಮಾರಿ ನೋಡಾಕ ಆಗ್ತಿದ್ದಿಲ್ರಿ, ಉಣ್ಣೂದ್ ಬಿಟ್ಟ್ ಎದ್ದ್ ಹೋಗ್ತಿದ್ದೆ. ಇವತ್ತ ನೀವು ಹೇಳಿಬಿಟ್ರಿ. ಇನ್ನ ಅದು ಸುಳ್ಳಲ್ಲ. ಅಪ್ಪನ ಜೋಡಿ ಕುಂತ್ ಉಣ್ತೀನಿ."

ಅವನ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕಲ್ಯಾಣದ ಬಸ್ಸೂ ಹಚ್ಚ್ಯಾರ ನೋಡ್ರಿ ಸರ್, ಜಲ್ದಿ ಹತ್ರಿ, ಸೀಟ್ ಸಿಗಾಂಗಿಲ್ಲ."

ಹೌದು, ನಿಂತಿತ್ತು. ಸುರೇಖಾ ಬಾಯಿ ಒಳಗೆ ನನಗೊಂದು ಜಾಗ ಹಿಡಿದು ಕೈ ಬೀಸುತ್ತಿದ್ದಳು. ಒಂದು ವರ್ಷ ನಾಚಿಕೆಯಿಂದ ಬೆಂದವನು ನಾನೊಬ್ಬನೇ ಎಂದು ತಿಳಿದಿದ್ದೆ, ಒಳಗೊಳಗೆ ಆ ಬೇಯುವಿಕೆಗೇ ಮಾರ್ಕು ಕೊಟ್ಟುಕೊಂಡಿದ್ದೆ ಕೂಡ. ಅಷ್ಟು ದಿನವೂ ನನ್ನ ಮರ್ಯಾದೆ ಕಾಪಾಡಿದ್ದಕ್ಕೆ ಇನ್ನೊಬ್ಬ ತನ್ನ ಅಪ್ಪನೆದುರಿನ ಊಟ ಬಿಟ್ಟು ಏಳುತ್ತಿದ್ದ. ನಾನು ಸುರೇಖಾ ಬಾಯಿಗೆ ನೀವು ಹೋಗಿರಿ ಎಂದು ಸನ್ನೆ ಮಾಡಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಅಂದು ಯಾರ ಪಕ್ಕದಲ್ಲೂ ಕೂತು ಹೋಗುವ ಮುಖ ನನಗಿರಲಿಲ್ಲ.